ಸಿಸ್ಸುವಿನ ಇಳಿಜಾರಿಗೆ ಯಾವ ಚೈನ್?

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು, ಪುಣೆಯ ನಿಗಡಿಯಲ್ಲಿ ನೆಲೆಸಿ ಮೂವತ್ತು ವರ್ಷವಾಯಿತು. ಮಗಳು ಮತ್ತು ಅಳಿಯ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ, ಸಿಸ್ಸು ಹತ್ತಿರ ಹೋಂಸ್ಟೇ ನಡೆಸುತ್ತಿದ್ದಾರೆ. ಅಂಗಳದಿಂದ ಕೆಳಗಿನ ರಸ್ತೆಗೆ 150 ಮೀಟರ್ ದಾರಿ; ಅಷ್ಟರಲ್ಲಿ 15 ಮೀಟರ್ ಇಳಿಯುತ್ತದೆ. ಹೋದ ಚಳಿಗಾಲದಲ್ಲಿ ಹಿಮ ತೆಗೆಯಲು ಬಂದ ಬಾಡಿಗೆ ಟ್ರ್ಯಾಕ್ಟರ್ ಇಳಿಯುವಾಗ ಜಾರಿ ಕಲ್ಲಿನ ಗೋಡೆಗೆ ಗುದ್ದಿತು. ಈ ಸಲ ಮುಳಶಿಯ ಗದ್ದೆಯಲ್ಲಿರುವ ನಮ್ಮದೇ 24 ಎಚ್‌ಪಿ, ಫೋರ್ ವೀಲ್ ಡ್ರೈವ್ ಇರುವ ಸಣ್ಣ ಟ್ರ್ಯಾಕ್ಟರನ್ನು ಲಾರಿಯಲ್ಲಿ ಕಳಿಸುತ್ತಿದ್ದೇವೆ. ಮುಂದೆ ಬಕೆಟ್, ಹಿಂದೆ ಬ್ಲೇಡ್ ಇದೆ. ಹಿಂದಿನ ಟೈರ್ 8.3-20, ಗದ್ದೆಯ ಟೈರ್. ಒಳಗೆ ನೀರು ತುಂಬಿಸಿದ್ದೇವೆ. ಭೋಸರಿಯ ವರ್ಕ್‌ಶಾಪ್ ಒಂದರವರು 10 ಮಿ.ಮೀ. ಸರಪಳಿಯಿಂದ, ಜಾರದಂತೆ ಟೈರಿಗೆ ಸುತ್ತುವ ಏಣಿಯಂಥ ಚೈನ್ ವೆಲ್ಡ್ ಮಾಡಿ ಅಗ್ಗಕ್ಕೆ ಕೊಡುತ್ತೇವೆ ಎನ್ನುತ್ತಾರೆ. ಕಂಪನಿಯಲ್ಲಿ ತಯಾರಾದ, ಬಲೆಯಂತೆ ಹೆಣೆದ ಚೈನ್ ದುಬಾರಿ. ಯಾವುದನ್ನು ಕೊಳ್ಳಬೇಕು? ಹಿಂದಿನ ಚಕ್ರಗಳಿಗೆ ಮಾತ್ರ ಹಾಕಿದರೆ ಸಾಕೆ?

ಉತ್ತರ: ನಿಮ್ಮ ಪತ್ರ ಓದಿ ಮುಗಿಸಿ, ಮತ್ತೆ ಮೇಲೆ ಹೋಗಿ ಒಂದೇ ಸಾಲನ್ನು ಎರಡು ಸಲ ಓದಿದೆ: ಟ್ರ್ಯಾಕ್ಟರ್ ಇಳಿಯುವಾಗ ಜಾರಿತು ಎಂಬ ಸಾಲು. ಚೈನ್ ಕೇಳಿಕೊಂಡು ಬರುವ ಹೆಚ್ಚಿನವರ ತಲೆಯಲ್ಲಿ ಇರುವುದು ಹತ್ತುವ ಚಿಂತೆ. ಹತ್ತಲಾಗದ ಟ್ರ್ಯಾಕ್ಟರ್ ನಿಂತಲ್ಲೇ ಚಕ್ರ ತಿರುಗಿಸುತ್ತದೆ, ಡೀಸೆಲ್ಲೂ ಹೊತ್ತೂ ಹಾಳು, ಅಷ್ಟೇ. ಇಳಿಯುವಾಗ ಹಿಡಿತ ತಪ್ಪಿದ ಟ್ರ್ಯಾಕ್ಟರ್ ಮುಂದೆ ಏನಿದೆಯೋ ಅದಕ್ಕೆ ಹೋಗಿ ಗುದ್ದಿಯೇ ನಿಲ್ಲುತ್ತದೆ. ಹೋದ ವರ್ಷ ಗೋಡೆ ಇತ್ತು, ಪುಣ್ಯ. ಆದ್ದರಿಂದ ನಿಮ್ಮ ಅಳಿಯಂದಿರ ಟ್ರ್ಯಾಕ್ಟರಿಗೆ ಬೇಕಾದ ಚೈನನ್ನು ನಾನು ಆ 150 ಮೀಟರ್ ಇಳಿತವನ್ನು ಕಣ್ಣ ಮುಂದಿಟ್ಟುಕೊಂಡೇ ಆರಿಸುತ್ತೇನೆ.

ನಾನು ಗಡಿ ರಸ್ತೆ ಸಂಘಟನೆಯಲ್ಲಿ ಮೆಕ್ಯಾನಿಕ್ ಆಗಿದ್ದವನು. ಇಲ್ಲೇ ಪುಣೆಯ ದಿಘಿಯಲ್ಲಿರುವ, ಆ ಸಂಘಟನೆಯ ಸಿಬ್ಬಂದಿ ಪಡೆಯಾದ ಗ್ರೆಫ್‌ನ ಕೇಂದ್ರದಿಂದ ಹೊರಟು, ಹಿಮಾಚಲದ ಗಡಿ ರಸ್ತೆಗಳನ್ನು ನೋಡಿಕೊಳ್ಳುವ ದೀಪಕ್ ಯೋಜನೆಯಡಿ ಮನಾಲಿ–ಸರ್ಚು ರಸ್ತೆಯಲ್ಲಿ ಹಿಮ ತೆಗೆಯುವ ತಂಡಗಳ ಜೊತೆ ಹಲವು ವರ್ಷ ಕಳೆದು, ನಿವೃತ್ತಿಯ ಬಳಿಕ ಮತ್ತೆ ದಿಘಿಗೇ ಬಂದು ನೆಲೆಸಿದ್ದೇನೆ. ಆಗ ಅಟಲ್ ಸುರಂಗ ಇರಲಿಲ್ಲ. ರೋಹ್ತಾಂಗ್ ಕಣಿವೆಮಾರ್ಗ ಹಿಮದಲ್ಲಿ ಹೂತುಹೋದರೆ ಲಾಹೌಲಿನ ಜನ ತಿಂಗಳುಗಟ್ಟಲೆ ಹೊರಗಿನ ಮುಖ ಕಾಣುತ್ತಿರಲಿಲ್ಲ. 2020ರ ಅಕ್ಟೋಬರಿನಲ್ಲಿ ಒಂಬತ್ತು ಕಿಲೋಮೀಟರಿನ ಆ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಸಿಸ್ಸುವಿಗೆ ಪ್ರವಾಸಿಗರು ಬರತೊಡಗಿದರು. ಬೆಳಗಾಗುವುದರೊಳಗೆ ಅಂಗಳದ ಹಿಮ ತೆಗೆಯಬೇಕಾದ ತಾಪತ್ರಯವೂ ಅವರ ಬೆನ್ನಿಗೇ ಬಂತು.

ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬಲೆಯಂತೆ ಹೆಣೆದ ಚೈನನ್ನೇ ಕೊಳ್ಳಿ, ನಾಲ್ಕೂ ಚಕ್ರಗಳಿಗೆ ಕೊಳ್ಳಿ, 7 ಮಿ.ಮೀ. ಆಸುಪಾಸಿನ ದಪ್ಪದ್ದನ್ನು ಕೊಳ್ಳಿ. ಟೈರಿನೊಳಗಿನ ನೀರನ್ನು ಮುಳಶಿಯಲ್ಲೇ ಇಳಿಸಿ. ಭೋಸರಿಯ ಏಣಿ ಚೈನ್ ಬೇಡ. ಇನ್ನು ಕಾರಣಗಳು.

ನಿಮ್ಮ ದಾರಿಯ ಲೆಕ್ಕ ಹಾಕೋಣ. 150 ಮೀಟರಿಗೆ 15 ಮೀಟರ್ ಎಂದರೆ ಹತ್ತಕ್ಕೆ ಒಂದರ ಇಳಿಜಾರು. ಟ್ರ್ಯಾಕ್ಟರಿನ ತೂಕದ ಹತ್ತರಲ್ಲಿ ಒಂದು ಪಾಲು ಅದನ್ನು ಸದಾ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಒಣಗಿದ ಡಾಂಬರಿನ ಮೇಲೆ ರಬ್ಬರಿನ ಹಿಡಿತ, ಅದರ ಮೇಲೆ ಕೂತ ತೂಕದ ಸುಮಾರು 0.7 ಪಾಲು ಇರುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 0.2ಕ್ಕೆ ಇಳಿಯುತ್ತದೆ, ಮಂಜುಗಡ್ಡೆಯ ಮೇಲೆ 0.1ಕ್ಕೆ. ಬಿಸಿಲೇರಿ ಗಡ್ಡೆಯ ಮೇಲೆ ನೀರಿನ ತೆಳು ಪದರ ಕೂತರೆ ಇನ್ನೂ ಕಡಿಮೆ. ಇದರ ಜೊತೆಗೆ ಒಂದು ಸಂಗತಿ ನೆನಪಿಡಿ: ಇಂಥ ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ. ಬಕೆಟ್ ತುಂಬಿಕೊಂಡು ಇಳಿಯುವಾಗ ತೂಕ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರಗಳ ಮೇಲೆ ಅರ್ಧ ಉಳಿದರೆ ಹೆಚ್ಚು. ಅರ್ಧ ತೂಕಕ್ಕೆ 0.2ರ ಹಿಡಿತ ಎಂದರೆ ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು. ಎಳೆಯುವ ಬಲವೂ ಅಷ್ಟೇ, ತಡೆಯುವ ಬಲವೂ ಅಷ್ಟೇ! ಬ್ರೇಕ್ ಪೂರ್ತಿ ತುಳಿದು ಚಕ್ರ ನಿಂತರೂ ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಬಾಡಿಗೆ ಟ್ರ್ಯಾಕ್ಟರಿನ ಚಾಲಕ ತಪ್ಪು ಮಾಡದೆಯೂ ಗೋಡೆಗೆ ಗುದ್ದಿರಬಹುದು, ಆತನನ್ನು ದೂರಬೇಡಿ.

ಫೋರ್ ವೀಲ್ ಡ್ರೈವ್ ಹಾಕಿಕೊಂಡೇ ಇಳಿದರೆ ಈ ಲೆಕ್ಕ ಬದಲಾಗುತ್ತದೆ. ಹಿಂದಿನ ಬ್ರೇಕಿನ ತಡೆ ಗೇರುಗಳ ಮೂಲಕ ಮುಂದಿನ ಚಕ್ರಗಳಿಗೂ ತಲುಪುತ್ತದೆ, ಇಡೀ ಟ್ರ್ಯಾಕ್ಟರಿನ ತೂಕ ಹಿಡಿತಕ್ಕೆ ಒದಗುತ್ತದೆ. ನಾಲ್ಕೂ ಚಕ್ರಗಳಿಗೆ ಚೈನ್ ಹಾಕಿ ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ. ಈ ವರ್ಷ ಒಂದೇ ಜೋಡಿಗೆ ಕೈಯಲ್ಲಿ ಹಣ ಇದ್ದರೆ ಅದನ್ನು ಹಿಂದಿನ ಚಕ್ರಗಳಿಗೆ ಹಾಕಿ. ಮುಂದಿನ ಚಕ್ರಗಳಿಗೆ ಮಾತ್ರ ಎಂದೂ ಹಾಕಬೇಡಿ. ಇಳಿಜಾರಿನಲ್ಲಿ ಮುಂಭಾಗ ಕಚ್ಚಿ ಹಿಡಿದು ಹಿಂಭಾಗ ಹಿಡಿತವಿಲ್ಲದೆ ಉಳಿದರೆ, ಬಾಲ ಸುತ್ತಿಕೊಂಡು ಬಂದು ಟ್ರ್ಯಾಕ್ಟರ್ ಅಡ್ಡಡ್ಡ ನಿಲ್ಲುತ್ತದೆ. ಅಡ್ಡ ನಿಂತದ್ದು ಮಗುಚುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಈಗ ಏಣಿಯೋ ಬಲೆಯೋ ಎಂಬ ಪ್ರಶ್ನೆ. ಇದಕ್ಕೆ ಉತ್ತರ ನಿಮ್ಮ ಗದ್ದೆಯಲ್ಲೇ ಇದೆ. ಮುಳಶಿಗೆ ಹೋದಾಗ ದನ ಕಟ್ಟುವ ಸರಪಳಿ ಒಂದನ್ನು ತೆಗೆದುಕೊಂಡು ಹಿಂದಿನ ಟೈರಿನ ಮೇಲೆ ಅಡ್ಡಲಾಗಿ ಇಡಿ, ಎರಡೂ ತುದಿ ಹಿಡಿದು ಸ್ವಲ್ಪ ಅಲುಗಾಡಿಸಿ. ಗದ್ದೆಯ ಟೈರಿನಲ್ಲಿ ಲಗ್ಗುಗಳು, ಅಂದರೆ ಕೆಸರನ್ನು ಒದೆಯುವ ಆ ದಪ್ಪ ರಬ್ಬರ್ ದಿಂಡುಗಳು, ಓರೆಯಾಗಿ ಎದ್ದು ನಿಂತಿರುತ್ತವೆ. ಎರಡು ದಿಂಡುಗಳ ನಡುವೆ ಕೈ ಹೋಗುವಷ್ಟು ಕಾಲುವೆ. ಸರಪಳಿ ಒಂದೆರಡು ಸಲ ಅಲುಗಿ ಆ ಕಾಲುವೆಯೊಳಕ್ಕೆ ಜಾರಿ ಕೂರುತ್ತದೆ. ಏಣಿ ಚೈನಿನ ಅಡ್ಡಪಟ್ಟಿಗಳ ಗತಿಯೂ ಇದೇ. ಎರಡು ಬದಿಯ ಉದ್ದ ಸರಪಳಿಗಳಿಗೆ ಏಣಿಯ ಮೆಟ್ಟಿಲಿನಂತೆ ಅಡ್ಡ ಸರಪಳಿಗಳನ್ನು ಕಟ್ಟಿರುತ್ತಾರೆ. ಗದ್ದೆಯ ಟೈರಿಗೆ ಹಾಕಿದರೆ ಹತ್ತಿಪ್ಪತ್ತು ಸುತ್ತಿನೊಳಗೆ ಅವುಗಳಲ್ಲಿ ಬಹುಪಾಲು ದಿಂಡುಗಳ ನಡುವೆ ಅಡಗುತ್ತವೆ, ನೆಲ ಮುಟ್ಟುವುದು ಮತ್ತೆ ರಬ್ಬರೇ. ಹಣ ಕೊಟ್ಟು ಕಬ್ಬಿಣವನ್ನು ಟೈರಿನೊಳಗೆ ಬಚ್ಚಿಟ್ಟಂತೆ ಆಯಿತು.

ಏಣಿ ಚೈನಿಗೆ ಇನ್ನೊಂದು ಕೊರತೆ ಇದೆ. ಅಡ್ಡ ಸರಪಳಿ ಮುಂದೆ–ಹಿಂದೆ ಜಾರುವುದನ್ನು ತಡೆಯುತ್ತದೆ, ಪಕ್ಕಕ್ಕೆ ಜಾರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಕೊಂಡಿಗಳು ಸಾಲಾಗಿ ಆ ದಿಕ್ಕಿಗೇ ಮಲಗಿರುತ್ತವೆ, ಜಾರುಬಂಡಿಯ ಪಟ್ಟಿಯಂತೆ. ಬಲೆ ಚೈನಿನಲ್ಲಿ ಸರಪಳಿಗಳು ಓರೆಯಾಗಿ ಒಂದಕ್ಕೊಂದು ಹೆಣೆದುಕೊಂಡು ಟೈರಿನ ಮೇಲೆ ವಜ್ರಾಕೃತಿಯ ಕಣ್ಣುಗಳನ್ನು ಬಿಡುತ್ತವೆ. ಅಂಗಡಿಯಲ್ಲಿ ಡೈಮಂಡ್ ಚೈನ್ ಎಂದರೆ ತಿಳಿಯುತ್ತದೆ. ಒಂದು ಎಳೆ ಕಾಲುವೆಗೆ ಇಳಿಯಲು ಹೋದರೆ ಪಕ್ಕದ ಎಳೆ ದಿಂಡಿನ ಮೇಲೆ ಅದನ್ನು ಎಳೆದು ಹಿಡಿಯುತ್ತದೆ. ಯಾವ ಗಳಿಗೆಯಲ್ಲೂ ಒಂದಲ್ಲ ಒಂದು ಎಳೆ ನೆಲ ಕಚ್ಚಿರುತ್ತದೆ, ಹಾಗಾಗಿ ಕುಲುಕಾಟವೂ ಕಡಿಮೆ, ಪಕ್ಕದ ಜಾರಿಕೆಗೂ ತಡೆ. ಹಾದಿಯ ಒಂದು ಮಗ್ಗುಲು ಕಣಿವೆಯತ್ತ ವಾಲಿದ್ದರೆ (ಬೆಟ್ಟದ ಹಾದಿ ವಾಲಿರದೆ ಇರುವುದು ಅಪರೂಪ) ಈ ಒಂದು ಗುಣಕ್ಕಾಗಿಯೇ ದುಬಾರಿ ಬೆಲೆ ಕೊಡಬಹುದು.

ದಪ್ಪದ ವಿಷಯದಲ್ಲಿ ನಮ್ಮವರದು ಒಂದು ನಂಬಿಕೆ: ದಪ್ಪ ಇದ್ದಷ್ಟೂ ಗಟ್ಟಿ. ಚೈನಿಗೆ ಇದು ಹೊಂದುವುದಿಲ್ಲ. 7 ಮಿ.ಮೀ. ತಂತಿಯ ಕೊಂಡಿ ಟೈರಿನ ಮೇಲೆ 20ರಿಂದ 25 ಮಿ.ಮೀ. ಎದ್ದು ನಿಲ್ಲುತ್ತದೆ, 10 ಮಿ.ಮೀ. ತಂತಿಯದಾದರೆ 30ರ ಹತ್ತಿರ. ಸಣ್ಣ ಟ್ರ್ಯಾಕ್ಟರಿನಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಭಾರ ಹೆಚ್ಚಾದಷ್ಟೂ ಹಾಕುವ ಕೈಗೂ ಕಷ್ಟ. ದಪ್ಪಕ್ಕಿಂತ ನಾನು ಮೊದಲು ಕೇಳುವುದು ಉಕ್ಕಿನ ಗುಣ. ಒಳ್ಳೆಯ ಟೈರ್ ಚೈನಿನ ಕೊಂಡಿಗೆ ಮೇಲ್ಮೈ ಮಾತ್ರ ಹದ ಹಾಕಿ ಗಡಸು ಮಾಡಿರುತ್ತಾರೆ, ಒಳತಿರುಳು ಬಾಗುವ ಗುಣ ಉಳಿಸಿಕೊಂಡಿರುತ್ತದೆ. ಹೊರಗೆ ಸವೆಯಬಾರದು, ಒಳಗೆ ಮುರಿಯಬಾರದು. ಸಾದಾ ಮೈಲ್ಡ್ ಸ್ಟೀಲಿನ ಸರಪಳಿ ಜಲ್ಲಿಯ ಮೇಲೆ ಬೇಗ ಸವೆದು ತೆಳುವಾಗುತ್ತದೆ. ಅದನ್ನು ವೆಲ್ಡ್ ಮಾಡಿ ಜೋಡಿಸಿದರೆ ಬೆಸುಗೆಯ ಪಕ್ಕದ ಕಬ್ಬಿಣ ಪೆಡಸಾಗುತ್ತದೆ. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಚಳಿಯಲ್ಲಿ ಅದು ಬಿಡುವುದು ಅಲ್ಲಿಯೇ. ಭೋಸರಿಯವರ ಕೈಚಳಕದ ಮೇಲೆ ನನಗೆ ಗೌರವ ಇದೆ, ನಾನೂ ಅವರಲ್ಲಿ ಎಷ್ಟೋ ಕೆಲಸ ಮಾಡಿಸಿದ್ದೇನೆ. ಗೇಟು, ಟ್ರಾಲಿ, ಬ್ಲೇಡಿನ ಅಂಚು ಅವರಿಗೇ ಕೊಡಿ.

ಕಡಿದ ಕೊಂಡಿ ಏನು ಮಾಡುತ್ತದೆ ಎಂಬುದನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಕೋಠಿಯ ಬಳಿ ಒಬ್ಬ ಗುತ್ತಿಗೆದಾರರ ಟ್ರ್ಯಾಕ್ಟರ್ ನಮ್ಮ ಶೆಡ್ಡಿನ ಮುಂದಿನ ಹಿಮ ತಳ್ಳುತ್ತಿತ್ತು. ಬೆಳಗ್ಗೆಯಿಂದ ಮಡ್‌ಗಾರ್ಡಿಗೆ ಏನೋ ಟಕ್, ಟಕ್ ಎಂದು ಬಡಿಯುವ ಸದ್ದು. ಚಕ್ರದ ಒಂದೊಂದು ಸುತ್ತಿಗೆ ಒಂದೊಂದು ಸದ್ದು, ಗಡಿಯಾರದಂತೆ. ಚಾಲಕ ಹುಡುಗ ಅದಕ್ಕೆ ಹೊಂದಿಕೊಂಡುಬಿಟ್ಟಿದ್ದ. ಮಧ್ಯಾಹ್ನದ ಹೊತ್ತಿಗೆ ಸದ್ದು ನಿಂತಿತು, ಅದರ ಹಿಂದೆಯೇ ಹಿಮದ ಮೇಲೆ ಕಂದು ಬಣ್ಣದ ಗೆರೆ ಕಾಣಿಸಿತು. ಕಡಿದ ಅಡ್ಡ ಸರಪಳಿಯ ತುಂಡು ತಿರುಗುತ್ತ ತಿರುಗುತ್ತ ಹೈಡ್ರಾಲಿಕ್ ಪೈಪನ್ನು ಬಡಿದು ಬಡಿದು ಕೊನೆಗೆ ಹರಿದಿತ್ತು. ಎಣ್ಣೆಯೆಲ್ಲ ಸೋರಿ, ಎತ್ತಿದ್ದ ಬ್ಲೇಡ್ ತಾನಾಗಿ ನೆಲಕ್ಕೆ ಇಳಿದಿತ್ತು. ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ: ಬೆಸುಗೆಯ ಪಕ್ಕದಲ್ಲಿ, ಸಕ್ಕರೆ ಹರಳಿನಂತೆ ಮಿನುಗುವ ನೇರ ಮುರಿತ. ಎಳೆದು ಸವೆದು ತುಂಡಾದ ಕಬ್ಬಿಣ ಹಾಗೆ ಮಿನುಗುವುದಿಲ್ಲ. ಆದ್ದರಿಂದ ಅಳಿಯಂದಿರಿಗೆ ಹೇಳಿ: ಟಕ್ ಎಂಬ ಮೊದಲ ಸದ್ದಿಗೇ ಎಂಜಿನ್ ನಿಲ್ಲಿಸಿ ಇಳಿದು ನೋಡಬೇಕು. ಎರಡು ಮೂರು ಬಿಡಿ ಕೊಂಡಿ, ಒಂದು ಇಕ್ಕಳ, ಸ್ವಲ್ಪ ಗಟ್ಟಿ ತಂತಿ ಸೀಟಿನ ಕೆಳಗೆ ಇರಲೇಬೇಕು.

ಕೊಳ್ಳುವ ಮೊದಲು ಅಳತೆ. ಟೈರಿನ ಮೇಲೆ ಬರೆದಿರುವ 8.3-20 ಎಂದರೆ ಅಗಲ 8.3 ಇಂಚು, ರಿಮ್ 20 ಇಂಚು. ಅದೊಂದನ್ನೇ ಹೇಳಿ ತರಿಸಬೇಡಿ. ಒಂದೇ ಅಳತೆ ಬರೆದಿರುವ ಎರಡು ಕಂಪನಿಗಳ ಟೈರುಗಳು ಸುತ್ತಳತೆಯಲ್ಲಿ ಬೇರೆಬೇರೆ ಬರುತ್ತವೆ, ದಿಂಡು ಸವೆದಿದ್ದರೆ ಇನ್ನಷ್ಟು ವ್ಯತ್ಯಾಸ. ಗಾಳಿ ಸರಿಯಾಗಿ ತುಂಬಿಸಿ, ಟೇಪಿನಿಂದ ಟೈರಿನ ಸುತ್ತಳತೆಯನ್ನೂ ಭುಜದಿಂದ ಭುಜದ ಅಗಲವನ್ನೂ ಅಳೆದು, ಫೋಟೋ ಸಹಿತ ಮಾರುವವರಿಗೆ ಕಳಿಸಿ. ಆಮೇಲೆ ಜಾಗದ ಅಳತೆ: ಟೈರಿನಿಂದ ಮಡ್‌ಗಾರ್ಡಿಗೆ, ಒಳಬದಿಯಲ್ಲಿ ಬ್ಲೇಡ್ ಎತ್ತುವ ತೋಳುಗಳಿಗೆ, ಬ್ರೇಕಿನ ಕಡ್ಡಿಗಳಿಗೆ. ಚೈನ್ ತಿರುಗುವಾಗ ಹೊರಕ್ಕೆ ಚಿಮ್ಮುತ್ತದೆ. ಎಲ್ಲ ಕಡೆ 5 ಸೆಂ.ಮೀ. ಖಾಲಿ ಸಿಕ್ಕರೆ ನಿಶ್ಚಿಂತೆ. ಮುಂದಿನ ಚಕ್ರಗಳಿಗೆ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಅಳೆಯಬೇಕು, ಬಕೆಟ್ಟಿನ ತೋಳು ಅಡ್ಡ ಬರುವುದು ಆಗಲೇ. ಹಿಂದೆ ಜಾಗ ಸಾಲದಿದ್ದರೆ ರಿಮ್ ತಿರುಗಿಸಿ ಕೂರಿಸಿ ಚಕ್ರಗಳ ನಡುವಿನ ಅಗಲ ಹೆಚ್ಚಿಸಿಕೊಳ್ಳಬಹುದು. ಕಬ್ಬಿನ ಸಾಲಿಗೆ ತಕ್ಕಂತೆ ನಮ್ಮ ರೈತರು ಮಾಡಿಕೊಳ್ಳುವುದು ಇದನ್ನೇ. ಅಗಲವಾದಷ್ಟೂ ಇಳಿಜಾರಿನಲ್ಲಿ ಮಗುಚುವ ಭಯವೂ ಕಡಿಮೆ.

ನೀರಿನ ವಿಷಯ ತಡಮಾಡುವಂಥದ್ದಲ್ಲ. ಗದ್ದೆಯಲ್ಲಿ ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸುವುದು ಒಳ್ಳೆಯ ಪದ್ಧತಿ, ತೂಕಕ್ಕೆ ಅದಕ್ಕಿಂತ ಅಗ್ಗದ ದಾರಿ ಇಲ್ಲ. ಸಿಸ್ಸು ಇರುವುದು 3,000 ಮೀಟರಿಗೂ ಮೇಲೆ. ಜನವರಿಯ ರಾತ್ರಿ ಆ ನೀರು ಟೈರಿನ ತಳದಲ್ಲಿ ಒಂದೇ ಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ. ಬೆಳಗ್ಗೆ ಟ್ರ್ಯಾಕ್ಟರ್ ಹೊರಡಿಸಿದರೆ ಗಡ್ಡೆ ಟ್ಯೂಬನ್ನು ಉಜ್ಜಿ ಹರಿಯುತ್ತದೆ, ಚಕ್ರ ಎತ್ತೆತ್ತಿ ಹಾಕುತ್ತದೆ. ಮುಳಶಿಯಲ್ಲೇ ನೀರು ಇಳಿಸಿ, ಪ್ರತಿ ಟೈರಿನಿಂದ ಎಷ್ಟು ಲೀಟರ್ ಬಂತು ಎಂದು ಬಕೆಟಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಅದರ ಜಾಗಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ತುಂಬಿಸಬಹುದು: ಒಂದು ಲೀಟರ್ ನೀರಿಗೆ ಸುಮಾರು 420 ಗ್ರಾಂ ಹರಳು, ಅಂದರೆ 50 ಲೀಟರಿಗೆ 21 ಕಿಲೋ. ಸೊನ್ನೆಗಿಂತ 24 ಡಿಗ್ರಿ ಕೆಳಗಿನವರೆಗೂ ಅದು ಅರೆಗಟ್ಟಿಯೂ ಆಗುವುದಿಲ್ಲ, ಬರೀ ನೀರಿಗಿಂತ ತೂಕವೂ ಹೆಚ್ಚು. ನೀರಿಗೆ ಹರಳನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಹರಳಿನ ಮೇಲೆ ನೀರು ಸುರಿಯಬಾರದು; ಕೈ ಸುಡುವಷ್ಟು ಬಿಸಿಯಾಗುತ್ತದೆ. ಪೂರ್ತಿ ತಣಿದ ಮೇಲೆಯೇ ಟ್ಯೂಬಿಗೆ. ಈ ದ್ರಾವಣ ಕಬ್ಬಿಣವನ್ನು ತಿನ್ನುತ್ತದೆ, ಟ್ಯೂಬ್ ಸೋರಿದರೆ ರಿಮ್ ಕೆಡುತ್ತದೆ. ನನ್ನನ್ನು ಕೇಳಿದರೆ, ಮನೆಯವರೇ ನೋಡಿಕೊಳ್ಳುವ ಟ್ರ್ಯಾಕ್ಟರಿಗೆ ರಿಮ್ಮಿಗೆ ಬೋಲ್ಟ್ ಮಾಡುವ ಎರಕದ ತೂಕಗಳೇ ಲೇಸು. ಹಾಗೆಯೇ ರೇಡಿಯೇಟರಿನಲ್ಲಿ ಬರೀ ನೀರಿದ್ದರೆ ಅದನ್ನೂ ತೆಗೆದು ಕೂಲಂಟ್ ಹಾಕಿಸಿ, ಪುಣೆಯ ಡೀಸೆಲ್ ತುಂಬಿದ ಟ್ಯಾಂಕನ್ನು ಆದಷ್ಟು ಖಾಲಿ ಮಾಡಿ ಕಳಿಸಿ. ಬಯಲಿನ ಡೀಸೆಲ್ ಆ ಚಳಿಗೆ ಮೇಣದಂತೆ ಕಟ್ಟುತ್ತದೆ.

ಚೈನ್ ಬಂದ ಮೇಲೆ ಹಾಕುವುದನ್ನು ಇಲ್ಲೇ ಕಲಿಯಿರಿ. ಚಳಿಯಲ್ಲಿ ಬರಿಗೈಯಿಂದ ಚೈನ್ ಮುಟ್ಟಿದರೆ ಬೆರಳಿನ ಚರ್ಮ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ದಪ್ಪ ಕೈಗವಸು ಹಾಕಿಕೊಂಡರೆ ಕೊಕ್ಕೆ ಯಾವುದು, ಕೊಂಡಿ ಯಾವುದು ಎಂದೇ ತಿಳಿಯುವುದಿಲ್ಲ. ಸುಮಾರು ಹತ್ತು ಸಲ ಮುಳಶಿಯ ಬಿಸಿಲಿನಲ್ಲಿ ಹಾಕಿ ತೆಗೆದರೆ ಕೈಗೆ ದಾರಿ ಗೊತ್ತಾಗುತ್ತದೆ. ಚೈನನ್ನು ನೆಲದ ಮೇಲೆ ಹರಡಿ, ಎಲ್ಲಿಯೂ ತಿರುಚಿಲ್ಲ ಎಂದು ನೋಡಿಕೊಂಡು, ಕೊಕ್ಕೆಗಳ ತೆರೆದ ಬಾಯಿ ಹೊರಕ್ಕೆ ಬರುವಂತೆ ಟೈರಿನ ಮೇಲೆ ಹೊದಿಸಬೇಕು. ಬಾಯಿ ಒಳಕ್ಕಿದ್ದರೆ ಟೈರಿನ ಪಕ್ಕೆಯನ್ನು ಕೊರೆಯುತ್ತದೆ. ಅರ್ಧ ಸುತ್ತು ಮುಂದೆ ಹೋಗಿ ತುದಿಗಳನ್ನು ಸೇರಿಸಿ, ಮೊದಲು ಒಳಬದಿ, ಆಮೇಲೆ ಹೊರಬದಿ ಬಿಗಿಯಬೇಕು. ಐವತ್ತು ನೂರು ಮೀಟರ್ ಓಡಿಸಿ ಮತ್ತೆ ಬಿಗಿಯಬೇಕು, ಈ ಎರಡನೆಯ ಬಿಗಿತವನ್ನು ಬಿಟ್ಟವರ ಚೈನೇ ದಾರಿಯಲ್ಲಿ ಕಳಚಿ ಬೀಳುವುದು. ಟೈರಿನ ಗಾಳಿ ಇಳಿಸಿ ಹಾಕಿ ಆಮೇಲೆ ತುಂಬಿಸುವ ಉಪಾಯ ಕೆಲವರು ಹೇಳುತ್ತಾರೆ, ಬೇಡ. ಸರಿಯಾದ ಗಾಳಿಯಲ್ಲೇ ಹಾಕಿ.

ಓಡಿಸುವ ಬಗ್ಗೆ ಕೆಲವು ಮಾತು. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಹತ್ತರಲ್ಲಿ ಒಂದು ಪಾಲಿನಷ್ಟು ಬಲ ಕಳೆದುಕೊಳ್ಳುತ್ತದೆ. ನಿಮ್ಮ 24 ಎಚ್‌ಪಿ ಅಲ್ಲಿ 17ರಂತೆ ದುಡಿಯುತ್ತದೆ. ಮೂರು ಮೀಟರ್ ಅಗಲದ 150 ಮೀಟರ್ ದಾರಿಯ ಮೇಲೆ 30 ಸೆಂ.ಮೀ. ಹೊಸ ಹಿಮ ಬಿದ್ದರೆ, ಘನ ಮೀಟರಿಗೆ 100 ಕಿಲೋ ಎಂದು ಹಿಡಿದರೂ, ಹದಿಮೂರು ಟನ್ನಿಗೂ ಮೇಲೆ. ಎರಡು ದಿನ ಬಿಟ್ಟರೆ ಹಿಮ ಕುಗ್ಗಿ ಗಟ್ಟಿಯಾಗಿ, ಅದೇ ತೂಕ ನೆಲಕ್ಕೆ ಅಂಟಿ ಕೂರುತ್ತದೆ. ಆದ್ದರಿಂದ 10–15 ಸೆಂ.ಮೀ. ಬಿದ್ದಾಗಲೇ ಒಂದು ಸಲ ತೆಗೆದುಬಿಡುವುದು ಒಳ್ಳೆಯದು, ರಾತ್ರಿ ಎರಡು ಸಲ ಏಳಬೇಕಾಗಿ ಬಂದರೂ ಸರಿ. ಇಳಿಜಾರಿನಲ್ಲಿ ನೇರ ಮೇಲೆ, ನೇರ ಕೆಳಗೆ, ಅಡ್ಡ ಹೋಗಬಾರದು. ಮೇಲೆಯೇ ಸಣ್ಣ ಗೇರಿಗೆ ಹಾಕಿಕೊಂಡು ಹೊರಡಬೇಕು, ನಡುದಾರಿಯಲ್ಲಿ ಕ್ಲಚ್ ಮುಟ್ಟಬಾರದು. ಬಕೆಟ್ ಮೊಣಕಾಲಿಗಿಂತ ಮೇಲೇರಬಾರದು. ಜಾರಲು ಶುರುವಾಯಿತು ಎನಿಸಿದ ಕ್ಷಣ ಬ್ರೇಕಿಗಿಂತ ಮೊದಲು ಬಕೆಟ್ ಮತ್ತು ಬ್ಲೇಡ್ ಎರಡನ್ನೂ ನೆಲಕ್ಕೆ ಒತ್ತಬೇಕು, ಅವೇ ಲಂಗರು. ಚೈನ್ ಹಾಕಿದ ಟ್ರ್ಯಾಕ್ಟರ್ ಗಂಟೆಗೆ ಎಂಟು ಹತ್ತು ಕಿಲೋಮೀಟರಿಗಿಂತ ವೇಗವಾಗಿ ಓಡಬಾರದು. ಸೀಟಿನ ಹಿಂದಿನ ರಕ್ಷಣಾ ಚೌಕಟ್ಟನ್ನು ತೋಟದಲ್ಲಿ ಮಡಚಿಟ್ಟಿದ್ದರೆ ಎತ್ತಿ ನಿಲ್ಲಿಸಿ, ಬೆಲ್ಟ್ ಕಟ್ಟಿಕೊಳ್ಳುವಂತೆ ಮಗಳಿಂದಲೇ ಹೇಳಿಸಿ.

ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದ್ದಾರೆಯೇ ಎಂದು ನೀವು ಬರೆದಿಲ್ಲ. ಹಾಕಿಸಿದ್ದರೆ ಚೈನಿನ ಗುರುತು ಬೀಳುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬ್ಲೇಡನ್ನು ಒಂದೆರಡು ಸೆಂಟಿಮೀಟರ್ ಎತ್ತರಿಸಿ ತೆಳು ಪದರ ಹಿಮ ಉಳಿಸಿದರೆ ಕಾಂಕ್ರೀಟೂ ಉಳಿಯುತ್ತದೆ, ಚೈನೂ ಬಾಳುತ್ತದೆ. ಕೊಂಡಿಗೆ ಮೊಳೆಯಂಥ ಚೂಪು ಬೆಸೆದ ಚೈನುಗಳೂ ಮಾರುಕಟ್ಟೆಯಲ್ಲಿವೆ. ಬರೀ ಗಡ್ಡೆಯ ಮೇಲೆ ಕೆಲಸ ಮಾಡುವವರಿಗೆ ಅವು ಬೇಕು, ಮನೆಯಂಗಳಕ್ಕೆ ಬೇಡ. ಬರಿ ನೆಲ ಬಂದಲ್ಲಿ ಫೋರ್ ವೀಲ್ ಡ್ರೈವ್ ತೆಗೆಯಬೇಕು, ತಿರುವಿನಲ್ಲಿ ಡಿಫರೆನ್ಷಿಯಲ್ ಲಾಕ್ (ಎಡ–ಬಲ ಚಕ್ರಗಳೆರಡೂ ಒಂದೇ ವೇಗದಲ್ಲಿ ತಿರುಗುವಂತೆ ಕಟ್ಟಿಹಾಕುವ ಸಾಧನ) ಹಾಕಿರಕೂಡದು.

ಟ್ರ್ಯಾಕ್ಟರ್ ಲಾರಿ ಹತ್ತುವ ಮೊದಲು ಒಂದು ಭಾನುವಾರ ತಿಳಿಸಿ. ದಿಘಿಯಿಂದ ಮುಳಶಿ ನನಗೆ ದೂರವಲ್ಲ. ಅಳಿಯಂದಿರು ಅಷ್ಟರಲ್ಲಿ ಪುಣೆಗೆ ಬರುವುದಾದರೆ ಇನ್ನೂ ಒಳ್ಳೆಯದು, ಚೈನ್ ಹಾಕುವುದನ್ನು ಅವರ ಕೈಯಿಂದಲೇ ಮಾಡಿಸುತ್ತೇನೆ. ಟೇಪು, ದನದ ಸರಪಳಿ, ಒಂದು ಜೊತೆ ದಪ್ಪ ಕೈಗವಸು ಸಿದ್ಧವಾಗಿರಲಿ.